ಗುದ್ದಿದ ಕಾರಿನ ಏಪ್ರನ್, ಪಿಲ್ಲರ್, ಸಿಲ್ ಬಿಚ್ಚುವುದು ಹೇಗೆ: ನಮ್ಮ ಕಡೆಯ ಗ್ಯಾರೇಜ್‌ಗಳಿಗೊಂದು ಮಾರ್ಗದರ್ಶಿ

ಕಬ್ಬಿನ ಹಂಗಾಮು ಶುರುವಾದರೆ ಸಾಕು, ಹುಮನಾಬಾದ್, ಆಳಂದ, ಜೇವರ್ಗಿ ರಸ್ತೆಗಳಲ್ಲಿ ರಾತ್ರಿ ಹೊತ್ತು ಟ್ರ್ಯಾಕ್ಟರ್‌ಗಳದ್ದೇ ಸಾಲು. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ಲೈಟ್ ಇರುವುದಿಲ್ಲ. ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿರುತ್ತದೆ. ಇಂಥ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದ ಕಾರು ಗ್ಯಾರೇಜ್‌ಗೆ ಬಂದಾಗ ಬಂಪರ್, ಬಾನೆಟ್ ಅಷ್ಟೇ ಹೋಗಿರುವುದಿಲ್ಲ. ಟ್ರೇಲರ್ ಎತ್ತರಕ್ಕಿರುತ್ತದೆ, ಕಾರಿನ ಮೂತಿ ಅದರ ಕೆಳಗೆ ನುಗ್ಗುತ್ತದೆ. ಏಪ್ರನ್ (ಎಂಜಿನ್ ಪಕ್ಕದ, ಚಕ್ರದ ಮೇಲಿನ ಒಳ ತಗಡು), ಲಾಂಗ್ ಮೆಂಬರ್ (ಮುಂಭಾಗದಲ್ಲಿ ಉದ್ದಕ್ಕೆ ಹೋಗುವ ಟೊಳ್ಳು ತೊಲೆ), ಕೆಲವು ಸಲ ಮುಂದಿನ ಪಿಲ್ಲರ್ (ರೂಫ್ ಹೊರುವ ಕಂಬ)ವರೆಗೂ ಏಟು ಹೋಗಿರುತ್ತದೆ.

ಆಗ ಸುತ್ತಿಗೆ, ಪುಟ್ಟಿ ಲೇಪದಿಂದ ಕೆಲಸ ಮುಗಿಯುವುದಿಲ್ಲ. ಹಾಳಾದ ಭಾಗ ಕತ್ತರಿಸಿ ತೆಗೆಯಬೇಕು, ಹೊಸದು ಕೂರಿಸಬೇಕು. ಈ ಲೇಖನ ಆ ತೆಗೆಯುವ ಕೆಲಸದ್ದು ಮಾತ್ರ. ಅದಕ್ಕೇ ಇಷ್ಟುದ್ದ ಯಾಕೆ ಅಂತ ಕೇಳಬಹುದು. ನಮ್ಮ ಬಹಳ ಗ್ಯಾರೇಜ್‌ಗಳಲ್ಲಿ ವೆಲ್ಡಿಂಗ್ ಉಸ್ತಾದ್ ಮಾಡುತ್ತಾರೆ, ಕಿತ್ತು ಹಾಕುವುದನ್ನು ಹೊಸದಾಗಿ ಬಂದ ಹುಡುಗನ ಕೈಗೆ ಕೊಡುತ್ತಾರೆ. ಆದರೆ ಹೊಸ ಭಾಗ ಕೂರುವುದು ಆ ಹುಡುಗ ಉಳಿಸಿದ ಅಂಚಿನ ಮೇಲೆ. ಬಿಸಾಡುವ ತಗಡು ಹೇಗೆ ಬೇಕಾದರೂ ಹರಿಯಲಿ. ಗಾಡಿಯಲ್ಲಿ ಉಳಿಯುವ ತಗಡಿಗೆ ತೂತು ಬೀಳಬಾರದು, ಗೀರು ಬೀಳಬಾರದು, ಶಾಖ ತಾಗಬಾರದು. ಕೆಳಗೆ ಬರೆದ ಹಂತಗಳೆಲ್ಲ ಇದೊಂದಕ್ಕಾಗಿಯೇ ಇವೆ.

ಯಾವ ಗಾಡಿ, ಯಾವ ಉಕ್ಕು

ಬೊಲೆರೊ, ಸ್ಕಾರ್ಪಿಯೊ, ಫಾರ್ಚೂನರ್ ಥರದ ಗಾಡಿಗಳಿಗೆ ಬಾಡಿಯ ಕೆಳಗೆ ಬೇರೆ ಚಾಸಿ ಇರುತ್ತದೆ. ಸ್ವಿಫ್ಟ್, ಡಿಜೈರ್, ಐ20, ನೆಕ್ಸಾನ್, ಕ್ರೆಟಾ ಇವಕ್ಕೆ ಇಲ್ಲ. ಬಾಡಿಯೇ ಚಾಸಿ. ನೂರಾರು ತಗಡುಗಳನ್ನು ಸಾವಿರಾರು ಸ್ಪಾಟ್ ವೆಲ್ಡ್‌ಗಳಿಂದ (ತಗಡುಗಳನ್ನು ಒತ್ತಿ, ಕರೆಂಟ್ ಹರಿಸಿ ಹಾಕಿದ ಚುಕ್ಕಿ ಬೆಸುಗೆ) ಸೇರಿಸಿ ಒಂದು ಪೆಟ್ಟಿಗೆ ಮಾಡಿರುತ್ತಾರೆ. ಸಸ್ಪೆನ್ಷನ್, ಎಂಜಿನ್, ಸೀಟ್ ಬೆಲ್ಟ್, ಬಾಗಿಲು ಎಲ್ಲ ಆ ಪೆಟ್ಟಿಗೆಗೇ ಕಚ್ಚಿಕೊಂಡಿರುತ್ತವೆ. ನಾನು ಹೇಳುತ್ತಿರುವುದು ಈ ಎರಡನೇ ಬಗೆಯ ಗಾಡಿಗಳ ಬಗ್ಗೆ.

ನಮ್ಮ ದೇಶದಲ್ಲಿ 2017ರ ಅಕ್ಟೋಬರ್‌ನಿಂದ ಹೊಸ ಮಾಡೆಲ್‌ಗಳಿಗೆ, 2019ರ ಅಕ್ಟೋಬರ್‌ನಿಂದ ಮಾರಾಟವಾಗುವ ಎಲ್ಲ ಕಾರುಗಳಿಗೂ ಮುಂದಿನ ಮತ್ತು ಪಕ್ಕದ ಡಿಕ್ಕಿಯ ಕ್ರ್ಯಾಶ್ ಟೆಸ್ಟ್ ಕಡ್ಡಾಯವಾಯಿತು. ಮುಂದಿನ ಡಿಕ್ಕಿ ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ, ಪಕ್ಕದ್ದು 50ರಲ್ಲಿ. 2023ರಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆಯಲ್ಲಿ ಕಾರಿನ ಸುರಕ್ಷತೆಗೆ ಸ್ಟಾರ್ ಕೊಡುವುದೂ ಶುರುವಾಗಿದೆ. ಇದರಲ್ಲೆಲ್ಲ ಪಾಸಾಗಲು ಕಂಪನಿಗಳು ಗಟ್ಟಿ ಉಕ್ಕು ಜಾಸ್ತಿ ಬಳಸುತ್ತಿವೆ. ಹಾಗಾಗಿ ಹಳೆಯ ಮಾರುತಿ 800 ಕಾಲದ ಕೈ ಅಭ್ಯಾಸ ಈಗಿನ ಗಾಡಿಗಳಿಗೆ ನಡೆಯುವುದಿಲ್ಲ.

ಸಾಮಾನ್ಯ ತಗಡು ಹರಿಯುವುದಕ್ಕೆ ಹೆಚ್ಚುಕಡಿಮೆ 300 ಮೆಗಾಪಾಸ್ಕಲ್ ಬಲ ಬೇಕು ಅಂದರೆ, ಬಿ ಪಿಲ್ಲರ್ (ಎರಡು ಬಾಗಿಲ ನಡುವಿನ ಕಂಬ; ಅದರ ಮುಂದಿನದು ಎ, ಹಿಂದಿನದು ಸಿ) ಒಳಗಿರುವ ಬೋರಾನ್ ಉಕ್ಕಿಗೆ 1500ರ ಹತ್ತಿರ ಬೇಕು. ಅದನ್ನು ಸುಮಾರು 900 ಡಿಗ್ರಿಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಲ್ಲೇ ಥಟ್ಟನೆ ತಣಿಸಿರುತ್ತಾರೆ. ಗಟ್ಟಿತನ ಬಂದಿದ್ದೇ ಆ ತಣಿಸುವಿಕೆಯಿಂದ. ನೀವು ಗ್ಯಾಸ್ ಹಚ್ಚಿ ಮತ್ತೆ ಕೆಂಪಗೆ ಕಾಯಿಸಿದರೆ ಆ ಗುಣ ಹೋಯಿತು. ನೋಡುವುದಕ್ಕೆ ಅದೇ ಪಿಲ್ಲರ್, ಮುಂದಿನ ಏಟಿಗೆ ಮಾತ್ರ ಅದು ತಡೆಯುವುದಿಲ್ಲ. ಆಕ್ಸಿ-ಅಸಿಟಿಲೀನ್ ಜ್ವಾಲೆ 3000 ಡಿಗ್ರಿ ದಾಟುತ್ತದೆ. ಕತ್ತರಿಸಿದ ಗೆರೆಯಲ್ಲಷ್ಟೇ ಅಲ್ಲ, ಅದರ ಆಚೀಚೆಯ ಲೋಹಕ್ಕೂ ಶಾಖ ಹರಡುತ್ತದೆ.

"ಸಂಜಿಕ ಗಾಡಿ ಬೇಕ್ರಿ ಉಸ್ತಾದ್, ಗ್ಯಾಸ್ ಹಚ್ಚಿ ಕಡದು ಒಗೀರಿ" ಅಂತ ಮಾಲೀಕರು ಅವಸರ ಮಾಡುತ್ತಾರೆ. ಅವರಿಗೆ ಗೊತ್ತಿರುವುದಿಲ್ಲ, ನಮಗೆ ಗೊತ್ತಿರಬೇಕು. ಅದೇ ಗಾಡಿಯಲ್ಲಿ ನಾಳೆ ಅವರ ಹೆಂಡತಿ ಮಕ್ಕಳು ಗಾಣಗಾಪುರಕ್ಕೋ ಹೈದರಾಬಾದ್‌ಗೋ ಹೋಗುವವರು. ಬಾಡಿ ಕೆಲಸಕ್ಕೆ ಗ್ಯಾಸ್ ಕಟಿಂಗ್ ಬೇಡ ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಬದಲಿಸಬೇಕೋ, ನೆಟ್ಟಗೆ ಮಾಡಬೇಕೋ

ಬಾಗಿದ್ದರೆ ನೆಟ್ಟಗೆ ಮಾಡು, ಮಡಚಿದ್ದರೆ ಬದಲಿಸು. ಬಾಡಿ ಕೆಲಸದವರು ಪ್ರಪಂಚದ ಎಲ್ಲ ಕಡೆ ಪಾಲಿಸುವ ನಿಯಮ ಇದು. ಉದ್ದಕ್ಕೆ ನಿಧಾನವಾಗಿ ತಿರುವು ತೆಗೆದುಕೊಂಡಿದ್ದರೆ ಅದು ಬಾಗು. ಚಿಕ್ಕ ಜಾಗದಲ್ಲಿ ಚೂಪಾಗಿ ಮುರಿದುಕೊಂಡು, ಪೇಂಟ್ ಸಿಡಿದು, ಗೆರೆ ಬಿದ್ದಿದ್ದರೆ ಅದು ಮಡಿಕೆ. ಮಡಚಿದ ಲಾಂಗ್ ಮೆಂಬರ್ ಅನ್ನು ಎಳೆದು ನೆಟ್ಟಗೆ ಮಾಡಿದರೂ ಮಡಿಕೆಯ ಜಾಗದಲ್ಲಿ ಸಣ್ಣ ಸೀಳು ಉಳಿಯುತ್ತದೆ. ಬೋರಾನ್ ಉಕ್ಕಿನ ಭಾಗ ಬಾಗಿದ್ದರೂ ಸಾಮಾನ್ಯವಾಗಿ ಬದಲಿಸುವುದೇ. ಅದು ನೆಟ್ಟಗಾಗುವ ಮೊದಲು ಬಿರುಕು ಬಿಡುತ್ತದೆ.

ಬಂಪರ್ ಬೀಮ್ ಹಿಂದೆ, ಲಾಂಗ್ ಮೆಂಬರ್ ತುದಿಗೆ ಬೇಕಂತಲೇ ಅಲೆಅಲೆಯಾಗಿ ಮಾಡಿದ ಭಾಗ ಇರುತ್ತದೆ, ಕ್ರ್ಯಾಶ್ ಬಾಕ್ಸ್ ಅಂತ. ಏಟು ಬಿದ್ದಾಗ ಮೊದಲು ತಾನೇ ಕುಸಿದು ಒಳಗಿನವರನ್ನು ಉಳಿಸುವ ಭಾಗ ಅದು. ಒಮ್ಮೆ ಕುಸಿದರೆ ಅದರ ಕೆಲಸ ಮುಗಿಯಿತು. ಎಳೆದು ಉದ್ದ ಮಾಡುವ ಮಾತೇ ಇಲ್ಲ.

ಆ ಮಾಡೆಲ್‌ನ ಬಾಡಿ ರಿಪೇರಿ ಮ್ಯಾನುಯಲ್ ಇಲ್ಲದೆ ಪಿಲ್ಲರ್‌ಗೆ ಕೈ ಹಾಕಬೇಡಿ. ಯಾವ ಭಾಗ ಯಾವ ಉಕ್ಕು, ಎಲ್ಲಿ ಕತ್ತರಿಸಬಹುದು, ಎಲ್ಲಿ ಕತ್ತರಿಸಲೇಬಾರದು, ಎಷ್ಟು ಸ್ಪಾಟ್, ಎಲ್ಲ ಅದರಲ್ಲಿರುತ್ತದೆ. ಕಣ್ಣಂದಾಜಿನಲ್ಲಿ ಉಕ್ಕಿನ ಜಾತಿ ಹೇಳುವುದಕ್ಕೆ ಯಾವ ಉಸ್ತಾದ್‌ಗೂ ಆಗುವುದಿಲ್ಲ.

ಕಾಗದ ಪತ್ರ

ಇನ್ಶೂರೆನ್ಸ್ ಕ್ಲೇಮ್ ಇದ್ದರೆ ಸರ್ವೇಯರ್ ನೋಡುವ ಮೊದಲು ಏನನ್ನೂ ಕತ್ತರಿಸಬೇಡಿ. ಬಿಚ್ಚಿದಾಗ ಒಳಗೆ ಹೊಸ ಪೆಟ್ಟು ಕಂಡರೆ ಅಲ್ಲೇ ನಿಲ್ಲಿಸಿ, ಫೋಟೊ ತೆಗೆದು, ಅವರಿಗೆ ತಿಳಿಸಿ. ಇನ್ನೊಂದು ವಿಷಯ ಚಾಸಿ ನಂಬರ್. ಕೆಲವು ಗಾಡಿಗಳಲ್ಲಿ ಅದನ್ನು ಫೈರ್‌ವಾಲ್ (ಎಂಜಿನ್‌ಗೂ ಒಳಗೆ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲೆ, ಕೆಲವದರಲ್ಲಿ ಸೀಟ್ ಹತ್ತಿರ ನೆಲದ ಮೇಲೆ ಕೊರೆದಿರುತ್ತಾರೆ. ಆ ತುಂಡು ತೆಗೆಯಬೇಕಾದ ಸಂದರ್ಭ ಬಂದರೆ ಮೊದಲು ಆರ್‌ಟಿಒ ಕಚೇರಿಯಿಂದ ಬರಹದಲ್ಲಿ ಅನುಮತಿ ತರಬೇಕು. ನಂಬರ್ ಇರುವ ತುಂಡು ಕತ್ತರಿಸಿ ಇನ್ನೊಂದು ಬಾಡಿಗೆ ಅಂಟಿಸುವುದು ಅಪರಾಧ. ಯಾರು ಎಷ್ಟು ದುಡ್ಡು ಕೊಟ್ಟರೂ ಆ ಕೆಲಸ ಬೇಡ.

ತೊಳೆಯಿರಿ, ಬಿಚ್ಚಿರಿ, ಕರೆಂಟ್ ಕಡಿಯಿರಿ

ನಮ್ಮದು ಕರಿಮಣ್ಣಿನ ಸೀಮೆ. ಮಳೆಗಾಲದಲ್ಲಿ ಹೊಲದ ದಾರಿ ತುಳಿದ ಗಾಡಿಯ ಸಿಲ್ (ಬಾಗಿಲ ಕೆಳಗಿನ ಉದ್ದನೆಯ ಟೊಳ್ಳು ಭಾಗ) ಕೆಳಗೆ, ಚಕ್ರದ ಗೂಡಿನೊಳಗೆ ಎರೆ ಮಣ್ಣು ಕಲ್ಲಿನಂತೆ ಕೂತಿರುತ್ತದೆ. ಅದರ ಕೆಳಗಿನ ಸ್ಪಾಟ್ ಕಾಣುವುದಿಲ್ಲ, ಡ್ರಿಲ್ ಜಾರುತ್ತದೆ, ತುಕ್ಕು ಅಡಗಿರುತ್ತದೆ. ಪ್ರೆಷರ್ ವಾಷರ್‌ನಿಂದ ಚೆನ್ನಾಗಿ ತೊಳೆದು ಒಣಗಿಸಿ ಕೆಲಸ ಶುರು ಮಾಡಿ.

ಆಮೇಲೆ ಬ್ಯಾಟರಿ. ನೆಗೆಟಿವ್ ತಂತಿ ತೆಗೆದು ದೂರ ಸರಿಸಿ. ಆದರೂ ಏರ್‌ಬ್ಯಾಗ್ ಕಂಪ್ಯೂಟರ್‌ನೊಳಗೆ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಮ್ಯಾನುಯಲ್ ಹೇಳಿದಷ್ಟು ನಿಮಿಷ ಕಾಯಲೇಬೇಕು. ಪಿಲ್ಲರ್ ಕೆಳಗೆ, ಮುಂದಿನ ಮೆಂಬರ್ ಮೇಲೆ ಏರ್‌ಬ್ಯಾಗ್ ಸೆನ್ಸರ್ ಇರುತ್ತವೆ. ಕರೆಂಟ್ ಇರುವಾಗ ಅಲ್ಲಿ ಸುತ್ತಿಗೆ ಏಟು ಬಿದ್ದರೆ ಒಳಗೆ ಕೂತ ಹುಡುಗನ ಮುಖಕ್ಕೆ ಏರ್‌ಬ್ಯಾಗ್ ಸಿಡಿಯಬಹುದು.

ಈಗ ಬರುವುದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಪಿಲ್ಲರ್ ಹೊರಗಿನಿಂದ ಬರೀ ಟೊಳ್ಳು ಕೊಳವೆ ಅನಿಸುತ್ತದೆ. ಒಳಗೆ ಏನಿದೆ ಅಂತ ನೋಡದೆ ಬ್ಲೇಡ್ ಹಾಕಬೇಡಿ. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಮೇಲಿನ ರೂಫ್ ರೈಲ್ ಉದ್ದಕ್ಕೂ ಆ ಚೀಲ ಮಡಚಿ ಕೂತಿರುತ್ತದೆ. ಅದನ್ನು ಉಬ್ಬಿಸುವ ಸಿಲಿಂಡರ್‌ನಲ್ಲಿ ಬಹಳ ಒತ್ತಡದ ಗ್ಯಾಸ್ ಇರುತ್ತದೆ. ಅದು ಕೆಲವು ಮಾಡೆಲ್‌ನಲ್ಲಿ ಸಿ ಪಿಲ್ಲರ್ ಹತ್ತಿರ, ಕೆಲವದರಲ್ಲಿ ರೂಫ್ ನಡುವೆ ಇರುತ್ತದೆ. ಗ್ರೈಂಡರ್ ಅದಕ್ಕೆ ತಾಗಿದರೆ ಬಾಂಬ್ ಸಿಡಿದ ಹಾಗೆಯೇ. ಬಿ ಪಿಲ್ಲರ್ ಬುಡದಲ್ಲಿ ಸೀಟ್ ಬೆಲ್ಟ್ ಎಳೆಯುವ ಪ್ರಿಟೆನ್ಷನರ್ ಇರುತ್ತದೆ, ಅದರಲ್ಲೂ ಮದ್ದು ಇದೆ. ಟ್ರಿಮ್ ಎಲ್ಲ ಬಿಚ್ಚಿ, ಇವುಗಳನ್ನು ಕಳಚಿ, ಬೇರೆ ಕೋಣೆಯಲ್ಲಿ ಇಡಿ. ಏರ್‌ಬ್ಯಾಗ್ ಇಡುವಾಗ ಚೀಲ ಬಿಚ್ಚುವ ಮುಖ ಮೇಲಕ್ಕಿರಲಿ. ವೈರಿಂಗ್, ಸನ್‌ರೂಫ್ ನೀರು ಇಳಿಯುವ ಪೈಪ್ ಕೂಡ ಪಿಲ್ಲರ್ ಒಳಗೇ ಹಾದುಹೋಗುತ್ತವೆ. ಸಿಲ್ ಪಕ್ಕದಲ್ಲಿ ನೆಲದ ಕೆಳಗೆ ಬ್ರೇಕ್ ಪೈಪ್, ಪೆಟ್ರೋಲ್ ಪೈಪ್ ಇರುತ್ತವೆ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಕೆಳಗಿಳಿದು ಗ್ಯಾರೇಜ್ ಹೊಂಡದಲ್ಲಿ ತುಂಬಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ 42, 43 ಡಿಗ್ರಿ ಬಿಸಿಲಲ್ಲಿ ಆವಿ ಇನ್ನೂ ಬೇಗ ಏಳುತ್ತದೆ. ಹಿಂಭಾಗದ ಕೆಲಸವಾದರೆ ಟ್ಯಾಂಕ್ ಇಳಿಸಿಬಿಡಿ. ಸಿಎನ್‌ಜಿ ಗಾಡಿಯಾದರೆ ವಾಲ್ವ್ ಮುಚ್ಚಿ, ಸಿಲಿಂಡರ್ ಅನ್ನು ಆ ಕೆಲಸ ಬಲ್ಲವರಿಂದಲೇ ಇಳಿಸಿ. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣ ತೆಗೆಯುವ ವೋಲ್ಟೇಜ್ ಇರುತ್ತದೆ. ಬ್ಯಾಟರಿ ನೆಲದ ತುಂಬ, ಸಿಲ್‌ಗೆ ಒತ್ತಿಕೊಂಡೇ ಇರುತ್ತದೆ. ಆ ತರಬೇತಿ ಪಡೆದವರು ಬಂದು ಕರೆಂಟ್ ಕಡಿದು, ಬೇಕಾದರೆ ಬ್ಯಾಟರಿ ಇಳಿಸಿಕೊಟ್ಟ ಮೇಲೆಯೇ ನಿಮ್ಮ ಕೆಲಸ.

ಮೈಮೇಲೆ ಏನಿರಬೇಕು? ಕನ್ನಡಕದ ಜೊತೆ ಮುಖಕ್ಕೆ ಶೀಲ್ಡ್, ಚರ್ಮದ ಕೈಗವಸು, ಗಟ್ಟಿ ಬೂಟು, ಕಿವಿಗೆ ಪ್ಲಗ್. ಸೆಕೆ ಅಂತ ಬನಿಯನ್‌ನಲ್ಲಿ, ಹವಾಯಿ ಚಪ್ಪಲಿಯಲ್ಲಿ ಗ್ರೈಂಡರ್ ಹಿಡಿಯುವ ಹುಡುಗರನ್ನು ನೋಡಿದರೆ ಹೊಟ್ಟೆ ಕಿವುಚುತ್ತದೆ. ಬೇಸಿಗೆಯಲ್ಲಿ ಕತ್ತರಿಸುವ ಕೆಲಸವನ್ನು ಬೆಳಗ್ಗೆ ಆರಕ್ಕೆ ಶುರು ಮಾಡಿ, ಹತ್ತರೊಳಗೆ ಮುಗಿಸಿ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಡಿಸ್ಕ್ ಮೇಲೆ ಬರೆದ ವೇಗ ಅದಕ್ಕಿಂತ ಜಾಸ್ತಿ ಇರಬೇಕು. ಡಿಸ್ಕ್‌ಗೂ ಅವಧಿ ಇದೆ, ನಡುವಿನ ಬಳೆಯ ಮೇಲೆ ಅಚ್ಚಾಗಿರುತ್ತದೆ ನೋಡಿ. ಗಾರ್ಡ್ ತೆಗೆದು ಗ್ರೈಂಡರ್ ಓಡಿಸುವ ಚಾಳಿ ಇವತ್ತೇ ಬಿಡಿ. ಪಿಲ್ಲರ್ ಒಳಗಿನ ಫೋಮ್ ಸುಟ್ಟರೆ ವಿಷದ ಹೊಗೆ ಬರುತ್ತದೆ, ಸತು ಲೇಪನ ಸುಟ್ಟ ಹೊಗೆಯಿಂದ ಜ್ವರ ಬರುತ್ತದೆ. ಇವಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಫಿಲ್ಟರ್ ಇರುವ ಮಾಸ್ಕ್ ಬೇಕು.

ಕಿಡಿ ಗಾಜಿಗೆ ತಾಗಿದರೆ ಒಳಗಿಳಿದು ಅಂಟುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಗಾಜು, ಸೀಟು, ಡ್ಯಾಶ್‌ಬೋರ್ಡ್ ಮೇಲೆ ವೆಲ್ಡಿಂಗ್ ಹೊದಿಕೆ ಹಾಸಿ. ಗ್ಯಾರೇಜ್ ಸುತ್ತ ಒಣ ಹುಲ್ಲು, ತೊಗರಿ ಕಟ್ಟಿಗೆ ಇದ್ದರೆ ತೆಗೆಸಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಷ್ಟು ಹತ್ತಿರ ಇರಲಿ.

ಅಳೆಯಿರಿ, ಆಮೇಲೆ ಎಳೆಯಿರಿ, ಆಮೇಲೆ ಕತ್ತರಿಸಿ

ಈ ಸರದಿ ತಪ್ಪಬಾರದು. ಬಹಳ ಜನ ಇಲ್ಲೇ ಎಡವುತ್ತಾರೆ.

ಹಾಳಾದ ಭಾಗ ಬಿಸಾಡುವುದೇ ಅಲ್ವಾ, ಅದನ್ನು ಎಳೆಯುವುದು ಯಾಕೆ ಅನಿಸಬಹುದು. ಗುದ್ದಿದ ಏಟು ಲಾಂಗ್ ಮೆಂಬರ್‌ನಲ್ಲೇ ನಿಂತಿರುವುದಿಲ್ಲ. ಅದು ಫೈರ್‌ವಾಲ್‌ಗೆ, ಕೌಲ್‌ಗೆ (ಮುಂದಿನ ಗಾಜಿನ ಕೆಳಗಿನ ತಗಡು), ಪಿಲ್ಲರ್‌ಗೆ ಹರಿದು ಅವನ್ನೂ ಕೆಲವು ಮಿಲಿಮೀಟರ್ ಸರಿಸಿರುತ್ತದೆ. ಅವನ್ನು ವಾಪಸ್ ತರಬೇಕಾದರೆ ಹಿಡಿದು ಎಳೆಯಲು ಏನಾದರೂ ಬೇಕು. ಆ ಹಿಡಿಕೆಯೇ ಈ ಮುದ್ದೆಯಾದ ಮೆಂಬರ್. ಮೊದಲೇ ಕತ್ತರಿಸಿಬಿಟ್ಟರೆ ಎಳೆಯುವುದಕ್ಕೆ ಏನೂ ಉಳಿಯುವುದಿಲ್ಲ. ಆಮೇಲೆ ಹೊಸ ಮೆಂಬರ್ ಕೂರುವುದಿಲ್ಲ. ಆಗ ಹೊಸದನ್ನೇ ಬಡಿದು ಬಾಗಿಸಿ ಕೂರಿಸುತ್ತಾರೆ. ಗಾಡಿ ಆಮೇಲೆ ಸದಾ ಒಂದು ಕಡೆ ಎಳೆಯುತ್ತದೆ, ಟೈರ್ ಒಂದೇ ಬದಿ ಸವೆಯುತ್ತದೆ.

ಆದ್ದರಿಂದ ಗಾಡಿಯನ್ನು ಬೆಂಚ್ (ಬಾಡಿಯನ್ನು ಹಿಡಿದು ಎಳೆಯುವ ಗಟ್ಟಿ ಕಬ್ಬಿಣದ ಚೌಕಟ್ಟು) ಮೇಲೆ ಹತ್ತಿಸಿ, ಸಿಲ್ ಕೆಳಗಿನ ಅಂಚನ್ನು ನಾಲ್ಕು ಕಡೆ ಕ್ಲ್ಯಾಂಪ್‌ನಿಂದ ಬಿಗಿಯಿರಿ. ಕಂಪನಿಯ ಅಳತೆ ಚಾರ್ಟ್ ಹಿಡಿದು ಟ್ರ್ಯಾಮ್ ಗೇಜ್‌ನಿಂದ (ಎರಡು ಬಿಂದುಗಳ ಅಂತರ ಅಳೆಯುವ ಉದ್ದ ಕೋಲು) ಎಂಜಿನ್ ರೂಮ್‌ನ ಎರಡು ಕರ್ಣ, ಸ್ಟ್ರಟ್ ಟವರ್‌ಗಳ (ಮುಂದಿನ ಸಸ್ಪೆನ್ಷನ್‌ನ ಮೇಲ್ತುದಿ ಕೂರುವ ಜಾಗ) ಅಂತರ, ಬಾಗಿಲ ಚೌಕದ ಕರ್ಣ, ಕೆಳಗಿನ ಡೇಟಮ್ (ಎತ್ತರ ಅಳೆಯಲು ಇಟ್ಟುಕೊಂಡ ಸಮ ಮಟ್ಟ) ಎತ್ತರ ತೆಗೆದುಕೊಳ್ಳಿ. ಎಲ್ಲ ಬರೆದಿಡಿ. ಸಾಮಾನ್ಯವಾಗಿ 3 ಮಿಲಿಮೀಟರ್ ಆಚೀಚೆಗಿಂತ ಜಾಸ್ತಿ ವ್ಯತ್ಯಾಸ ಒಪ್ಪುವುದಿಲ್ಲ, ಕೆಲವು ಕಂಪನಿಗಳು ಅಷ್ಟನ್ನೂ ಒಪ್ಪುವುದಿಲ್ಲ. ಏಟು ಬಂದ ದಿಕ್ಕಿಗೆ ಎದುರಾಗಿ ಸರಪಳಿ ಹಾಕಿ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಪ್ರತಿ ಸಲ ನಿಲ್ಲಿಸಿ ಅಳೆಯಿರಿ. ಸರಪಳಿಯ ನೇರಕ್ಕೆ ಯಾರೂ ನಿಲ್ಲಬಾರದು. ಅದರ ಮೇಲೆ ದಪ್ಪ ಹೊದಿಕೆ ಹಾಕಿ, ಸೇಫ್ಟಿ ಕೇಬಲ್ ಕಟ್ಟಿ. ಉಳಿಯುವ ಭಾಗ ತನ್ನ ಜಾಗಕ್ಕೆ ಬಂತು ಅಂತ ಅಳತೆ ಹೇಳಿದ ಮೇಲಷ್ಟೇ ಕತ್ತರಿಸುವ ಮಾತು.

ನಿಮ್ಮ ಗ್ಯಾರೇಜ್‌ನಲ್ಲಿ ಬೆಂಚ್ ಇಲ್ಲವಾ? ರೇಡಿಯೇಟರ್ ಸಪೋರ್ಟ್, ಸಾಮಾನು ಇಡುವ ಡಿಕ್ಕಿಯ ಹಿಂದಿನ ಪ್ಯಾನಲ್, ಇಷ್ಟು ಮಾಡಿ. ಲಾಂಗ್ ಮೆಂಬರ್, ಪಿಲ್ಲರ್, ಸಿಲ್ ಕೆಲಸವನ್ನು ಬೆಂಚ್ ಇರುವಲ್ಲಿಗೆ ಕಳಿಸಿ. ಬೇವಿನ ಮರಕ್ಕೆ ಸರಪಳಿ ಕಟ್ಟಿ ಎಳೆಯುವ ಪದ್ಧತಿ ಈಗಿನ ಗಾಡಿಗಳಿಗೆ ಬೇಡ. ಗಿರಾಕಿ ಕೈತಪ್ಪುತ್ತಾರೆ ಅನ್ನುವ ಭಯ ನನಗೂ ಅರ್ಥವಾಗುತ್ತದೆ. ಬಿಚ್ಚುವ, ಜೋಡಿಸುವ, ಪೇಂಟ್ ಮಾಡುವ ಕೆಲಸ ನಿಮ್ಮಲ್ಲೇ ಇಟ್ಟುಕೊಂಡು, ಎಳೆಯುವುದು ಮತ್ತು ವೆಲ್ಡಿಂಗ್ ಮಾತ್ರ ಹೊರಗೆ ಮಾಡಿಸಬಹುದು.

ಎಲ್ಲಿ ಬೇರೆ ಮಾಡಬೇಕು

ಭಾಗ ತೆಗೆಯುವುದಕ್ಕೆ ಎರಡು ದಾರಿ. ಕಂಪನಿ ಸೇರಿಸಿದ ಜಾಗದಲ್ಲೇ ಸ್ಪಾಟ್ ಬಿಚ್ಚಿ ಪೂರ್ತಿ ಭಾಗ ತೆಗೆಯುವುದು ಒಂದು. ನಡುವೆ ಗೆರೆ ಹಾಕಿ ಅರ್ಧ ಕತ್ತರಿಸುವುದು ಇನ್ನೊಂದು. ಮೊದಲನೆಯದು ಯಾವಾಗಲೂ ಒಳ್ಳೆಯದು. ಎರಡನೆಯದನ್ನು ಮ್ಯಾನುಯಲ್ ಒಪ್ಪಿದ ಜಾಗದಲ್ಲಿ ಮಾತ್ರ ಮಾಡಿ.

ಸಸ್ಪೆನ್ಷನ್ ಕೂರುವ ಜಾಗ, ಎಂಜಿನ್ ಮೌಂಟಿಂಗ್, ಸೀಟ್ ಬೆಲ್ಟ್ ಬೋಲ್ಟ್, ಬಾಗಿಲ ಕೀಲು, ಒಳಗೆ ಬಲಪಟ್ಟಿ ಶುರುವಾಗುವ ಅಥವಾ ಮುಗಿಯುವ ಜಾಗ, ಕುಸಿಯಲೆಂದೇ ಮಾಡಿದ ಅಲೆಗಳು, ಇವುಗಳ ಹತ್ತಿರ ಗೆರೆ ಬೇಡ. ಪಿಲ್ಲರ್‌ನಲ್ಲಿ ಎರಡು ಮೂರು ಪದರ ಇರುತ್ತವೆ. ಎಲ್ಲವನ್ನೂ ಒಂದೇ ಎತ್ತರದಲ್ಲಿ ಕತ್ತರಿಸಿದರೆ ಜೋಡಣೆಯೆಲ್ಲ ಒಂದೇ ಗೆರೆಗೆ ಬರುತ್ತದೆ, ಮುಂದೆ ಏಟು ಬಿದ್ದರೆ ಅಲ್ಲೇ ಮುರಿಯುತ್ತದೆ. ಹೊರ ಪದರದ ಗೆರೆ ಒಂದು ಎತ್ತರಕ್ಕೆ, ಒಳ ಪದರದ್ದು ಇನ್ನೊಂದು ಎತ್ತರಕ್ಕೆ ಇರಬೇಕು. ಬೋರಾನ್ ಪದರವನ್ನು ನಡುವೆ ಕತ್ತರಿಸಿ ಸೇರಿಸುವುದನ್ನು ಬಹಳ ಕಂಪನಿಗಳು ಒಪ್ಪುವುದೇ ಇಲ್ಲ, ಪೂರ್ತಿ ಬದಲಿಸಬೇಕು.

ಹೊಸ ಭಾಗ ಬಂದು ಕೈಗೆ ಸೇರುವ ಮೊದಲು ಹಳೆಯದನ್ನು ಕತ್ತರಿಸಬೇಡಿ. ನಮಗೆ ಭಾಗ ಬರಬೇಕಾದ್ದು ಹೈದರಾಬಾದ್‌ನಿಂದ, ಸೊಲ್ಲಾಪುರದಿಂದ. ಬಂದದ್ದು ಬೇರೆ ವರ್ಷದ ಮಾಡೆಲ್‌ದಾದರೆ ಕತ್ತರಿಸಿದ ಗಾಡಿ ವಾರಗಟ್ಟಲೆ ಹಾಗೇ ನಿಲ್ಲುತ್ತದೆ, ಬಾಡಿ ಜೋತು ಬೀಳುತ್ತದೆ. ಹೊಸದನ್ನು ಹಳೆಯದರ ಪಕ್ಕ ಇಟ್ಟು ತೂತು, ಮಡಿಕೆ, ಬ್ರಾಕೆಟ್ ಎಲ್ಲ ಹೋಲಿಸಿ ನೋಡಿ. ಗುಜರಿಯಿಂದ ತಂದ ಪಿಲ್ಲರ್, ಮೆಂಬರ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವುಗಳನ್ನು ಹೇಗೆ ಕತ್ತರಿಸಿದ್ದಾರೆ, ಎಷ್ಟು ಕಾಯಿಸಿದ್ದಾರೆ ಅಂತ ಗೊತ್ತಾಗುವುದಿಲ್ಲ.

ಆಸರೆ ಕೊಡಿ

ಸಿಲ್ ಅಥವಾ ಬಿ ಪಿಲ್ಲರ್ ತೆಗೆದ ಕೂಡಲೇ ಬಾಡಿಯ ಬಲ ಬಹಳ ಕಡಿಮೆಯಾಗುತ್ತದೆ. ರೂಫ್ ಕೆಳಗಿಳಿಯಬಹುದು, ನೆಲ ಬಾಗಬಹುದು. ಬಾಗಿಲು ಬಿಚ್ಚಿ, ಎ ಪಿಲ್ಲರ್‌ನಿಂದ ಸಿ ಪಿಲ್ಲರ್‌ಗೆ ಚೌಕದ ಪೈಪ್ ಆಸರೆ ಕೊಟ್ಟು ಬಿಗಿಯಿರಿ. ಆಸರೆ ಕೊಟ್ಟ ಮೇಲೆ ಕರ್ಣ ಇನ್ನೊಮ್ಮೆ ಅಳೆಯಿರಿ. ಮುಂಭಾಗದ ಕೆಲಸಕ್ಕೆ ಎಂಜಿನ್, ಗೇರ್‌ಬಾಕ್ಸ್ ಇಳಿಸಿದರೆ ಗಾಡಿಯ ತೂಕ ಹಿಂದಕ್ಕೆ ವಾಲುತ್ತದೆ. ಎರಡು ಕಂಬದ ಲಿಫ್ಟ್ ಮೇಲಿದ್ದರೆ ಇದು ಅಪಾಯ, ಹಿಂದೆ ಸ್ಟ್ಯಾಂಡ್ ಕೊಡಿ.

ಸ್ಪಾಟ್ ಹುಡುಕುವುದು, ಬಿಚ್ಚುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ.

ಮೊದಲು ಸ್ಪಾಟ್ ಕಾಣಬೇಕು. ಅಂಚಿನ ಉದ್ದಕ್ಕೂ ವೈರ್ ಬ್ರಷ್ ಅಥವಾ ಸ್ಟ್ರಿಪ್ ಡಿಸ್ಕ್‌ನಿಂದ ಪೇಂಟ್, ಸೀಲರ್ ತೆಗೆಯಿರಿ. ಗ್ಯಾಸ್ ಹಚ್ಚಿ ಪೇಂಟ್ ಸುಡಬೇಡಿ. ಸಣ್ಣ ದುಂಡು ತಗ್ಗುಗಳು ಕಾಣುತ್ತವೆ. ಕಾಣದ ಕಡೆ ಎರಡು ತಗಡಿನ ನಡುವೆ ತೆಳು ಉಳಿಯನ್ನು ಮೆಲ್ಲಗೆ ತೂರಿಸಿ. ಸ್ಪಾಟ್ ಇರುವ ಜಾಗದಲ್ಲಿ ತಗಡು ಬಿಡುವುದಿಲ್ಲ, ಸುತ್ತ ಮಾತ್ರ ಉಬ್ಬುತ್ತದೆ, ಆಗ ಗುರುತು ಸಿಗುತ್ತದೆ. ಪ್ರತಿ ಸ್ಪಾಟ್‌ಗೂ ಮಾರ್ಕರ್‌ನಿಂದ ಸುತ್ತು ಹಾಕಿ, ಎಣಿಸಿ, ಫೋಟೊ ತೆಗೆಯಿರಿ. ಹೊಸ ಭಾಗಕ್ಕೆ ಮ್ಯಾನುಯಲ್ ಹೇಳಿದಷ್ಟು ಸ್ಪಾಟ್ ಬೇಕು, ಹಳೆಯದಕ್ಕಿಂತ ಕಡಿಮೆಯಂತೂ ಆಗಬಾರದು. ಬಿಚ್ಚಿದ ಮೇಲೆ ಎಣಿಸುತ್ತೇನೆ ಅಂದರೆ ಆಗುವುದಿಲ್ಲ.

ಈಗ ಪೂರ್ತಿ ಭಾಗವನ್ನು ಒಂದೇ ಸಲ ಬಿಚ್ಚಲು ಹೋಗಬೇಡಿ. ಅಂಚಿನಿಂದ ಎರಡು ಇಂಚು ಬಿಟ್ಟು, ಬಿಸಾಡುವ ಭಾಗದ ಕಡೆಯಿಂದ ಒರಟಾಗಿ ಕತ್ತರಿಸಿ ದೊಡ್ಡ ತುಂಡು ಹೊರಗೆ ತೆಗೆಯಿರಿ. ಏರ್ ಸಾ, ಕಟ್ ಆಫ್ ಡಿಸ್ಕ್ ಯಾವುದಾದರೂ ಆಗುತ್ತದೆ. ಬ್ಲೇಡ್ ಎಷ್ಟು ಆಳ ಇಳಿಯುತ್ತದೆ ಅನ್ನುವುದರ ಮೇಲೆ ಕಣ್ಣಿರಲಿ, ಹಿಂದಿನ ಪದರಕ್ಕೆ ತಾಗಬಾರದು. ಪ್ಲಾಸ್ಮಾ ಕಟ್ಟರ್ ಇದ್ದರೆ ಈ ಒರಟು ಕತ್ತರಿಗೆ ಮಾತ್ರ, ಉಳಿಯುವ ತಗಡಿನಿಂದ ದೂರದಲ್ಲಿ ಬಳಸಿ. ದೊಡ್ಡ ತುಂಡು ಹೋದ ಮೇಲೆ ಅಂಚಿನ ಪಟ್ಟಿ ಮಾತ್ರ ಉಳಿಯುತ್ತದೆ. ಬೆಳಕು ಸಿಗುತ್ತದೆ, ಕೈ ಆಡುತ್ತದೆ, ಡ್ರಿಲ್ ನೇರ ನಿಲ್ಲುತ್ತದೆ.

ಪ್ರತಿ ಸ್ಪಾಟ್ ನಡುವೆ ಸೆಂಟರ್ ಪಂಚ್ ಹೊಡೆಯಿರಿ. ಆಮೇಲೆ ಸ್ಪಾಟ್ ವೆಲ್ಡ್ ಕಟ್ಟರ್. ಸಾಮಾನ್ಯ ಚೂಪು ಮೂತಿಯ ಡ್ರಿಲ್ ಬಿಟ್ ಯಾಕೆ ಬೇಡ ಅಂದರೆ, ಸ್ಪಾಟ್‌ನ ಅಗಲ ಕಡಿಯುವಷ್ಟರಲ್ಲಿ ಅದರ ಮೊನೆ ಕೆಳಗಿನ ತಗಡನ್ನೂ ದಾಟಿಬಿಟ್ಟಿರುತ್ತದೆ. ಕಟ್ಟರ್‌ನ ಮೂತಿ ಚಪ್ಪಟೆ, ಅದು ಮೇಲಿನ ತಗಡನ್ನು ಮಾತ್ರ ಸಮನಾಗಿ ತೆಗೆಯುತ್ತದೆ. ಬಹಳ ಕಡೆ 8 ಮಿಲಿಮೀಟರ್ ಕಟ್ಟರ್ ಸಾಕು, ದೊಡ್ಡ ಸ್ಪಾಟ್‌ಗೆ 10 ಬೇಕಾಗುತ್ತದೆ. ವೇಗ ಕಡಿಮೆ ಇರಲಿ, ಒತ್ತಡ ಜಾಸ್ತಿ ಇರಲಿ. ವೇಗ ಜಾಸ್ತಿಯಾದರೆ ಕಟ್ಟರ್ ನೀಲಿಗಟ್ಟಿ ಮೊಂಡಾಗುತ್ತದೆ.

ಎಲ್ಲಿ ನಿಲ್ಲಿಸಬೇಕು? ಇದನ್ನು ಕೈಯೇ ಕಲಿಯಬೇಕು, ಆದರೂ ಗುರುತುಗಳಿವೆ. ಚೂರು ಉದ್ದುದ್ದಕ್ಕೆ ಸುರುಳಿಯಾಗಿ ಬರುತ್ತಿದ್ದದ್ದು ತುಂಡಾಗುತ್ತದೆ. ಕಟ್ಟರ್ ಸುತ್ತ ತೆಳು ವರ್ತುಲ ಮೂಡುತ್ತದೆ, ಕೆಳಗಿನ ತಗಡಿನ ಸತು ಬಣ್ಣ ಕಾಣುತ್ತದೆ. ಅಲ್ಲಿ ನಿಲ್ಲಿಸಿ. ಹೊಸಬರು ಮೊದಲು ಬಿಸಾಡಿದ ತುಂಡಿನ ಮೇಲೆ ಹತ್ತಿಪ್ಪತ್ತು ಸ್ಪಾಟ್ ಬಿಚ್ಚಿ ಅಭ್ಯಾಸ ಮಾಡಲಿ, ಆಮೇಲೆ ಗಾಡಿಗೆ ಬರಲಿ. ಉಸ್ತಾದ್‌ಗಳು ಇದಕ್ಕೊಂದು ಅರ್ಧ ದಿನ ಕೊಡಬೇಕು ಅಂತ ಕೈಮುಗಿದು ಕೇಳುತ್ತೇನೆ.

ಬೋರಾನ್ ಪದರಕ್ಕೆ ಸಾಮಾನ್ಯ ಕಟ್ಟರ್ ನಡೆಯುವುದಿಲ್ಲ, ಎರಡು ಸ್ಪಾಟ್‌ಗೇ ಮೊಂಡಾಗುತ್ತದೆ. ಅದಕ್ಕೆಂದೇ ಕಾರ್ಬೈಡ್ ಕಟ್ಟರ್ ಸಿಗುತ್ತದೆ. ದುಬಾರಿ, ಆದರೆ ಬೇರೆ ದಾರಿಯಿಲ್ಲ. ಅಂಚು ತೀರಾ ಸಪೂರ ಇದ್ದು ಡ್ರಿಲ್ ನಿಲ್ಲದ ಕಡೆ 10 ಮಿಲಿಮೀಟರ್ ಬೆಲ್ಟ್ ಸ್ಯಾಂಡರ್ ಒಳ್ಳೆಯದು, ಮೇಲಿನ ತಗಡನ್ನು ಸವೆಸಿ ತೆಗೆಯುತ್ತದೆ. ಹಿಂದೆ ಯಾರೋ ಸಿಒ2 ವೆಲ್ಡಿಂಗ್ ಮಾಡಿದ ಗೆರೆ ಇದ್ದರೆ ಅದನ್ನು ಗ್ರೈಂಡರ್‌ನಿಂದ ಓರೆ ಹಿಡಿದು ಸವೆಸಬೇಕು.

ಸ್ಪಾಟ್‌ಗಳೆಲ್ಲ ಕಡಿದ ಮೇಲೆ ತೆಳು ಅಗಲ ಉಳಿ ಹಾಕಿ. ಉಳಿಯ ಓರೆ ಮುಖ ಯಾವಾಗಲೂ ಬಿಸಾಡುವ ತಗಡಿನ ಕಡೆಗಿರಲಿ, ಚಪ್ಪಟೆ ಮುಖ ಉಳಿಯುವ ತಗಡಿನ ಮೇಲೆ ಜಾರಲಿ. ಎಲ್ಲಾದರೂ ಬಿಗಿ ಅನಿಸಿದರೆ ಜೋರಾಗಿ ಹೊಡೆಯಬೇಡಿ, ಅಲ್ಲಿ ಒಂದು ಸ್ಪಾಟ್ ಉಳಿದಿದೆ ಅಂತಲೇ ಅರ್ಥ. ಮತ್ತೆ ಡ್ರಿಲ್ ತೆಗೆದುಕೊಳ್ಳಿ. ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಸುರುಳಿ ಸುತ್ತುತ್ತಾ ಬಂದರೆ ನೀಟಾಗಿ ಬಿಡುತ್ತದೆ.

ಅಂಟು ಹಾಕಿದ ಜೋಡಣೆಗಳೂ ಇರುತ್ತವೆ. ಅಲ್ಲಿ ಹೀಟ್ ಗನ್‌ನಿಂದ ಮೆಲ್ಲಗೆ ಕಾಯಿಸಿ, ಮ್ಯಾನುಯಲ್ ಒಪ್ಪಿದ ಶಾಖ ಮೀರದಂತೆ, ಉಳಿಯಿಂದ ಬಿಡಿಸಬೇಕು. ಎಲ್ಲಿ ಅಂಟು ಇತ್ತು, ಎಲ್ಲಿ ಸ್ಪಾಟ್ ಇತ್ತು, ಎಲ್ಲಿ ಎರಡೂ ಇದ್ದವು ಅಂತ ಬರೆದಿಡಿ. ಇದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಅಮೆರಿಕದ ಟೆಕ್ಸಾಸ್‌ನ ಒಂದು ಪ್ರಕರಣ ಸಾಕು. ನಮ್ಮಲ್ಲಿ ಜಾಝ್ ಅಂತ ಬರುತ್ತಿದ್ದ ಕಾರೇ ಅಲ್ಲಿ ಹೋಂಡಾ ಫಿಟ್. 2010ರ ಮಾಡೆಲ್‌ನ ಅಂಥ ಒಂದು ಕಾರಿಗೆ ಆಲಿಕಲ್ಲು ಬಿದ್ದು ರೂಫ್ ಬದಲಿಸಿದ್ದರು. ವೆಲ್ಡಿಂಗ್ ಮಾಡಬೇಕಾದ ಕಡೆ ಅಂಟು ಹಾಕಿದರು. ಅದನ್ನು ಆಮೇಲೆ ಕೊಂಡ ದಂಪತಿ 2013ರಲ್ಲಿ ಅಪಘಾತಕ್ಕೆ ಸಿಕ್ಕು, ಮುದ್ದೆಯಾದ ಕಾರಿನೊಳಗೆ ಸಿಕ್ಕಿಹಾಕಿಕೊಂಡು ತೀವ್ರವಾಗಿ ಗಾಯಗೊಂಡರು. 2017ರಲ್ಲಿ ಜ್ಯೂರಿ ಆ ರಿಪೇರಿ ಮಾಡಿದವರ ಮೇಲೆ 3 ಕೋಟಿ 15 ಲಕ್ಷ ಡಾಲರ್ ಹೊಣೆ ಹೊರಿಸಿತು. ಕಂಪನಿ ಹೇಗೆ ಸೇರಿಸಿತ್ತು ಅನ್ನುವುದು ಬಿಚ್ಚುವವನ ಕಣ್ಣಿಗೆ ಮಾತ್ರ ಬೀಳುತ್ತದೆ, ಆದ್ದರಿಂದ ಬರೆದಿಡುವ ಹೊಣೆಯೂ ಅವನದೇ.

ನಡುವೆ ಕತ್ತರಿಸುವಾಗ

ಸಿಲ್ ಅಥವಾ ಪಿಲ್ಲರ್ ಹೊರ ಪದರವನ್ನು ನಡುವೆ ಕತ್ತರಿಸಲು ಮ್ಯಾನುಯಲ್ ಒಪ್ಪಿದ್ದರೆ, ಮಾಸ್ಕಿಂಗ್ ಟೇಪ್‌ನಿಂದ ಗೆರೆ ಹಾಕಿ. ಮೊದಲ ಕತ್ತರಿ ಆ ಗೆರೆಗೆ ಒಂದು ಇಂಚು ಆಚೆ, ಬಿಸಾಡುವ ಕಡೆಗೆ ಇರಲಿ. ಹೊಸ ಭಾಗ ಇಟ್ಟು ನೋಡಿ, ಬಾಗಿಲು ಹಾಕಿ ಸಂದು ಸಮ ಇದೆಯೇ ಅಂತ ನೋಡಿ, ಆಮೇಲೆ ಕೊನೆಯ ಗೆರೆಗೆ ಸಣ್ಣ ಹಲ್ಲಿನ ಸಾ ಹಾಕಿ. ಒಳಗೆ ತಗಡಿನ ಆಸರೆ ಕೊಟ್ಟು ಸೇರಿಸುವ ಜೋಡಣೆಗೆ ಎರಡು ತುದಿಯ ನಡುವೆ ಮ್ಯಾನುಯಲ್ ಹೇಳಿದಷ್ಟು ಸಂದು ಬೇಕಾಗುತ್ತದೆ. ಜಾಸ್ತಿ ಕತ್ತರಿಸಿದರೆ ತುಂಬುವುದಕ್ಕಾಗುವುದಿಲ್ಲ, ಕಡಿಮೆ ಇದ್ದರೆ ಫೈಲ್‌ನಿಂದ ಸರಿ ಮಾಡಬಹುದು.

ಉಳಿದ ಅಂಚಿನ ಸೇವೆ

ಭಾಗ ಹೊರಬಂದ ಮೇಲೆ ಅಂಚಿನ ಮೇಲೆ ಸ್ಪಾಟ್‌ನ ಗುಬಟುಗಳು ಉಳಿದಿರುತ್ತವೆ. ಅವನ್ನು ಬೆಲ್ಟ್ ಸ್ಯಾಂಡರ್‌ನಿಂದ ಸಮ ಮಾಡಿ, ತಗಡು ತೆಳ್ಳಗಾಗದಂತೆ. ಬಾಗಿದ ಅಂಚನ್ನು ಸುತ್ತಿಗೆ, ಡಾಲಿಯಿಂದ (ತಗಡಿನ ಹಿಂದೆ ಹಿಡಿಯುವ ಕಬ್ಬಿಣದ ಗಟ್ಟಿ) ನೆಟ್ಟಗೆ ಮಾಡಿ. ಎರಡು ತಗಡು ಅಂಟಿ ಕೂರದೆ ಸಂದು ಉಳಿದರೆ ಸ್ಪಾಟ್ ಕಚ್ಚುವುದಿಲ್ಲ. ತಪ್ಪಿ ಕೆಳಗಿನ ತಗಡಿಗೆ ತೂತು ಬಿದ್ದಿದ್ದರೆ ಹೊಸ ಭಾಗ ಕೂರಿಸುವ ಮೊದಲೇ ವೆಲ್ಡಿಂಗ್‌ನಿಂದ ಮುಚ್ಚಿ, ಸಮ ಮಾಡಿ. ಮುಚ್ಚಿಟ್ಟು ಸುಮ್ನೆ ಮುಂದೆ ಹೋಗಬೇಡಿ. ಒಳಗಿನ ಪದರದಲ್ಲಿ ತುಕ್ಕು, ಸೀಳು ಇದೆಯಾ ಅಂತ ಟಾರ್ಚ್ ಹಾಕಿ ನೋಡುವುದಕ್ಕೂ ಇದೇ ಸಮಯ. ಇನ್ನೊಮ್ಮೆ ಈ ಜಾಗ ತೆರೆದು ಸಿಗುವುದಿಲ್ಲ.

ಮೊದಲು ತೆಗೆದ ಅಳತೆಗಳನ್ನು ಮತ್ತೆ ತೆಗೆಯಿರಿ. ಭಾಗ ತೆಗೆದ ಕೂಡಲೇ ಬಾಡಿ ಒಳಗಿನ ಬಿಗಿ ಸಡಿಲಾಗಿ ಸ್ವಲ್ಪ ಸರಿಯುವುದುಂಟು. ಸರಿದಿದ್ದರೆ ಈಗಲೇ ಎಳೆದು ತನ್ನಿ. ಆಮೇಲೆ ಬರಿಯ ಲೋಹದ ಮೇಲೆ ಕೈ ಮುಟ್ಟಿಸದೆ ಒರೆಸಿ, ಸತು ಇರುವ ವೆಲ್ಡ್ ಥ್ರೂ ಪ್ರೈಮರ್ (ಮೇಲೆಯೇ ವೆಲ್ಡಿಂಗ್ ಮಾಡಬಹುದಾದ, ತುಕ್ಕು ತಡೆಯುವ ಬಣ್ಣ) ತೆಳ್ಳಗೆ ಹೊಡೆಯಿರಿ. ಮಳೆಗಾಲದಲ್ಲಿ ಬರಿ ಲೋಹವನ್ನು ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆಗೆ ಕೆಂಪಗೆ ತುಕ್ಕಿನ ಪುಡಿ ಬಂದಿರುತ್ತದೆ.

ಸಿಲ್, ಪಿಲ್ಲರ್ ಒಳಗೆ ಬಿದ್ದ ಲೋಹದ ಚೂರು, ಡ್ರಿಲ್ ಸುರುಳಿ, ಗ್ರೈಂಡರ್ ಪುಡಿ ಎಲ್ಲವನ್ನೂ ವ್ಯಾಕ್ಯೂಮ್‌ನಿಂದ ಎಳೆದು ತೆಗೆಯಿರಿ. ಗಾಳಿ ಹೊಡೆದರೆ ಇನ್ನೂ ಒಳಗೆ ಹೋಗುತ್ತದೆ. ಅಲ್ಲೇ ಬಿಟ್ಟರೆ ಒಳಗಿನಿಂದ ತುಕ್ಕು ಹಿಡಿಸುತ್ತದೆ, ನೀರು ಇಳಿಯುವ ತೂತು ಮುಚ್ಚುತ್ತದೆ. ಕಿತ್ತ ಹಳೆಯ ಭಾಗವನ್ನು ಆವತ್ತೇ ಗುಜರಿಗೆ ತೂಕಕ್ಕೆ ಹಾಕಬೇಡಿ. ಹೊಸದು ಕೂತು, ವೆಲ್ಡಿಂಗ್ ಮುಗಿದು, ಬ್ರಾಕೆಟ್, ನಟ್, ಫೋಮ್ ಇದ್ದ ಜಾಗಗಳನ್ನೆಲ್ಲ ಹೋಲಿಸಿ ನೋಡುವವರೆಗೂ ಅದು ಗ್ಯಾರೇಜ್ ಮೂಲೆಯಲ್ಲಿ, ಗಾಡಿ ನಂಬರ್ ಬರೆದ ಟೇಪ್ ಅಂಟಿಸಿಕೊಂಡು ಇರಲಿ.